ಮಾತ್ರೆ ಪುಕ್ಕಟೆ, ಬಸ್ ಚಾರ್ಜ್ ಯಾರದು?

ಹೋದ ಸಲ ಇದೇ ಅಂಕಣದಲ್ಲಿ ಕ್ಷಯದ ಬಗ್ಗೆ ಒಂದು ಪ್ರಶ್ನೆಗೆ ಉತ್ತರ ಬರೆದದ್ದೇ ತಡ, ಕಾಗದಗಳು ಬರತೊಡಗಿದವು. ಅರ್ಧಕ್ಕರ್ಧ ಕಾಗದಗಳಲ್ಲಿ ಕೆಮ್ಮಿನ ಸುದ್ದಿಯೇ ಇಲ್ಲ, ಬರೀ ದುಡ್ಡಿನ ಸುದ್ದಿ. ನನಗೇನೂ ಆಶ್ಚರ್ಯ ಆಗಲಿಲ್ಲ. ಇಪ್ಪತ್ತೊಂಬತ್ತು ವರ್ಷ ಟಿಬಿ ಹೆಲ್ತ್ ವಿಸಿಟರ್ ಆಗಿ ಚಿತ್ರದುರ್ಗದ ಕಡೆ ಊರೂರು ತಿರುಗಿದವಳು ನಾನು. ರೋಗಿಯ ಮನೆ ಜಗಲಿ ಮೇಲೆ ಕೂತರೆ ಮೊದಲ ಹತ್ತು ನಿಮಿಷ ಕಫದ ಮಾತು, ಆಮೇಲೆ ಒಂದು ಗಂಟೆ ಸಾಲದ ಮಾತು. ಈ ಸಲದ ಅಂಕಣ ಪೂರ್ತಿ ಅದಕ್ಕೇ ಇರಲಿ.

ಪ್ರಶ್ನೆ: ಟಿಬಿಗೆ ಎಲ್ಲ ಪುಕ್ಕಟೆ ಅಂತ ಆಸ್ಪತ್ರೆ ಗೋಡೆ ಮೇಲೆ ದೊಡ್ಡದಾಗಿ ಬರೆದಿದ್ದಾರೆ. ನಮ್ಮ ಮನೆಯವರಿಗೆ ಗುಣ ಆಗೋ ಹೊತ್ತಿಗೆ ನಲವತ್ತು ಸಾವಿರ ಸಾಲ ಆಗಿತ್ತು. ಪುಕ್ಕಟೆ ಕಾಯಿಲೆಗೆ ಅಷ್ಟು ದುಡ್ಡು ಎಲ್ಲಿ ಹೋಯ್ತು ಅಂತ ಮೈದುನ ಕೇಳ್ತಾನೆ. ಏನು ಹೇಳಲಿ ಅಕ್ಕ?
— ಹೆಸರು ಬೇಡ ಎಂದವರು, ಚಳ್ಳಕೆರೆ

ಉತ್ತರ: ಮೈದುನನಿಗೆ ಈ ಪುಟ ಓದಲು ಕೊಡಿ ತಾಯಿ.

ನನಗೆ ಒಂದು ನೋಟ್‌ಬುಕ್ ನೆನಪಿದೆ. ಗಾರೆ ಕೆಲಸದವರೊಬ್ಬರ ಹೆಂಡತಿ ಮಗಳ ಗಣಿತದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಮನೆ ಖರ್ಚು ಬರೆಯುತ್ತಿದ್ದರು. ಗಂಡನಿಗೆ ಮಾತ್ರೆ ಶುರುವಾದ ದಿನ ಪುಟಕ್ಕೆ ಅಡ್ಡವಾಗಿ ಒಂದು ಗೆರೆ ಎಳೆದಿದ್ದರು. ಯಾಕೆ ಎಳೆದರೋ, ಬಹುಶಃ ಒಳ್ಳೆ ದಿನ ಶುರುವಾಯಿತು ಅಂತ ಇರಬೇಕು. ಗೆರೆಯ ಮೇಲೆ ಎರಡು ತಿಂಗಳ ಲೆಕ್ಕ. ಮೆಡಿಕಲ್ ಶಾಪಿನಲ್ಲಿ ಕೆಮ್ಮಿನ ಸಿರಪ್ ಮೂರು ಬಾಟಲಿ. ಊರ ಡಾಕ್ಟರ ಹತ್ತಿರ ಎರಡು ಸಲ ಗ್ಲೂಕೋಸ್. ರಕ್ತ ಪರೀಕ್ಷೆ. ಎಕ್ಸ್‌ರೇ. ದಾವಣಗೆರೆಗೆ ಹೋಗಿ ಸ್ಕ್ಯಾನಿಂಗ್. ಜೊತೆಗೆ ಹೋದ ಭಾಮೈದನ ಊಟ. ಎಳನೀರು. ಓಲೆ ಅಡ ಇಟ್ಟದ್ದು. ಎಲ್ಲ ಕೂಡಿದರೆ ಹದಿನೆಂಟು ಸಾವಿರದ ಮೇಲೆ. ಅಷ್ಟರಲ್ಲಿ ಒಬ್ಬರೂ ಕಫ ಪರೀಕ್ಷೆ ಮಾಡಿಸಿ ಎಂದಿರಲಿಲ್ಲ. ಪುಕ್ಕಟೆ ಪರೀಕ್ಷೆ ಅದೊಂದೇ!

ಗೆರೆಯ ಕೆಳಗೆ ಔಷಧಿಗೆ ಒಂದು ಪೈಸೆ ಇಲ್ಲ, ನಿಜ. ಆದರೆ ಎಡಗಡೆ ಕೂಲಿ ಬರೆಯುವ ಸಾಲಿನಲ್ಲಿ ದಿನಾ ಒಂದೇ ಪದ: ‘ಇಲ್ಲ’. ಸುಮ್ನೆ ಎಣಿಸಿದೆ. ಅರವತ್ತೊಂದು ‘ಇಲ್ಲ’. ದಿನಕ್ಕೆ ಆರುನೂರು ಕೂಲಿ ಹಿಡಿದರೂ ಮೂವತ್ತಾರು ಸಾವಿರ. ಆ ಮನೆಗೆ ಬಂದ ನಷ್ಟದ ದೊಡ್ಡ ಪಾಲು ಅದೇ.

ನಿಮ್ಮ ನಲವತ್ತು ಸಾವಿರವೂ ಈ ದಾರಿಯಲ್ಲೇ ಹೋಗಿರುತ್ತದೆ. ನಿಮ್ಮೊಬ್ಬರ ಕಥೆಯೂ ಅಲ್ಲ ಇದು. ಒಂದು ಮನೆಯ ವರ್ಷದ ಆದಾಯದಲ್ಲಿ ಐದನೇ ಒಂದು ಪಾಲಿಗಿಂತ ಜಾಸ್ತಿ ಟಿಬಿಗೆ ಹೋದರೆ, ಅದು ಮನೆ ಮುರಿಯುವ ಖರ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಕೈಬಿಟ್ಟುಹೋದ ಕೂಲಿ, ಬಸ್ ಚಾರ್ಜ್, ಊಟ ಎಲ್ಲ ಸೇರಿಸಿಯೇ ಈ ಲೆಕ್ಕ. ಬೇರೆ ಬೇರೆ ದೇಶಗಳಲ್ಲಿ ಮನೆಮನೆ ಕೇಳಿ ನೋಡಿದಾಗ, ಟಿಬಿ ಬಂದ ಮನೆಗಳಲ್ಲಿ ಸುಮಾರು ಅರ್ಧ ಮನೆಗಳು ಆ ಗೆರೆ ದಾಟಿದ್ದವು. ಒಂದೂ ದಾಟಬಾರದು ಅನ್ನೋದು ಗುರಿ.

ಮೈದುನನಿಗೆ ಇನ್ನೊಂದು ವಿಷಯವನ್ನೂ ಹೇಳಿ. 1960ರ ದಶಕದ ಶುರುವಿನಲ್ಲಿ, ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಲ್ಲಿದ್ದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬಿಬ್ಬರು ನಮ್ಮ ಪಕ್ಕದ ತುಮಕೂರು ಜಿಲ್ಲೆಯಲ್ಲಿ ಕ್ಷಯ ಇದ್ದವರನ್ನು ಹುಡುಕಿ ಮಾತಾಡಿಸಿದರು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಆಸ್ಪತ್ರೆಗೆ ಬರೋದಿಲ್ಲ ಅಂತ ಆಗ ಎಲ್ಲರೂ ಹೇಳುತ್ತಿದ್ದರು. ಸಿಕ್ಕಿದ್ದು ಬೇರೆಯೇ. ಅವರಲ್ಲಿ ಸುಮಾರು ಅರ್ಧ ಜನ ಆಗಲೇ ಆಸ್ಪತ್ರೆ ಮೆಟ್ಟಿಲು ಹತ್ತಿ ಬಂದಿದ್ದರು. ಕೆಮ್ಮಿನ ಔಷಧಿಯ ಒಂದು ಬಾಟಲಿ ಕೊಟ್ಟು ಅವರನ್ನು ವಾಪಸ್ ಕಳಿಸಲಾಗಿತ್ತು. ಅರವತ್ತು ವರ್ಷ ಆಯಿತು. ಬಾಟಲಿಯ ಬೆಲೆ ಏರಿದೆ, ಅಷ್ಟೇ.

ನಾನೂ ಸಾಚಾ ಅಲ್ಲ. ಒಂದು ಸೋಮವಾರ ಲ್ಯಾಬ್‌ನವರು ರಜೆ ಇದ್ದರು. ಹದಿನಾಲ್ಕು ಕಿಲೋಮೀಟರ್ ದೂರದಿಂದ ಬಂದ ಅಜ್ಜಿಗೆ ‘ಗುರುವಾರ ಬಾರಮ್ಮ’ ಎಂದೆ. ಗುರುವಾರ ಬಂದರು, ಕರೆಂಟ್ ಇರಲಿಲ್ಲ. ‘ಶನಿವಾರ’ ಎಂದೆ. ಶನಿವಾರ ಬರಲಿಲ್ಲ. ತಿಂಗಳಾದ ಮೇಲೆ ನಾನೇ ಹುಡುಕಿಕೊಂಡು ಹೋದೆ. ‘ನಿನ್ನ ಗುರುವಾರಕ್ಕೆ ಎರಡು ಕೋಳಿ ಹೋದವು ಮಗಳೇ’ ಎಂದರು. ಬಸ್ಸಿಗೆ, ಜೊತೆಗೆ ಬಂದ ಮೊಮ್ಮಗನ ತಿಂಡಿಗೆ ಮಾರಿದ್ದ ಕೋಳಿಗಳು. ಆಗಿನ್ನೂ ಹೆಂಗಸರಿಗೆ ಬಸ್ ಪುಕ್ಕಟೆ ಇರಲಿಲ್ಲ.

ಹಾಗಾಗಿ ಓದುವ ಎಲ್ಲರಿಗೂ ಒಂದೇ ಮಾತು. ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಯೋದು, ಇದರಲ್ಲಿ ಒಂದಿದ್ದರೂ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಕೊಡಿ. ಬೆಳಿಗ್ಗೆ ಎದ್ದ ತಕ್ಷಣ, ಬಾಯಿ ಮುಕ್ಕಳಿಸಿ, ಎದೆಯಾಳದಿಂದ ಕೆಮ್ಮಿ ಬಂದ ಕಫ ಬೇಕು. ಎಂಜಲು ಡಬ್ಬಿಗೆ ಹಾಕಿದರೆ ಏನೂ ಗೊತ್ತಾಗುವುದಿಲ್ಲ. ಈಗ ಟ್ರೂನ್ಯಾಟ್ ಎಂಬ ಪುಟ್ಟ ಯಂತ್ರ ಹಲವು ಕಡೆ ಇದೆ. ನಮ್ಮ ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನವರು ರೂಪಿಸಿದ್ದು, ಬ್ಯಾಟರಿಯಲ್ಲೂ ಓಡುತ್ತದೆ. ಅಜ್ಜಿ ಬಂದ ಗುರುವಾರ ಅದು ಇದ್ದಿದ್ದರೆ ಕೋಳಿ ಉಳಿಯುತ್ತಿದ್ದವು.

ಪ್ರಶ್ನೆ: ಟಿಬಿ ರೋಗಿಗೆ ತಿಂಗಳಿಗೆ 500 ರೂಪಾಯಿ ಬರುತ್ತೆ ಅಂತಾರೆ, ಕೆಲವರು 1,000 ಅಂತಾರೆ. ನಾವು ಪ್ರೈವೇಟ್ ಡಾಕ್ಟರ್ ಹತ್ತಿರ ತೋರಿಸ್ತಿದ್ದೀವಿ, ನಮಗೂ ಬರುತ್ತಾ? ಇಬ್ಬರು ಪಕ್ಕದ ಮನೆಯವರಿಗೆ ಬಂದಿಲ್ಲ.
— ಓದುಗರು, ಹೊಸದುರ್ಗ

ಉತ್ತರ: ಇಬ್ಬರು ಹೇಳಿದ್ದೂ ಸರಿ. ನಿಕ್ಷಯ್ ಪೋಷಣ್ ಯೋಜನೆ 2018ರ ಏಪ್ರಿಲ್‌ನಲ್ಲಿ ಶುರುವಾದಾಗ ತಿಂಗಳಿಗೆ 500. 2024ರ ನವೆಂಬರ್ 1ರಿಂದ 1,000. ಕಂತು ಎರಡು. ಚಿಕಿತ್ಸೆ ಶುರುವಿನಲ್ಲಿ 3,000, 84 ದಿನ ಮಾತ್ರೆ ನುಂಗಿದ ಮೇಲೆ ಇನ್ನೊಂದು 3,000. ಖಾಸಗಿಯಲ್ಲಿ ತೋರಿಸಿದವರಿಗೂ ಬರುತ್ತದೆ, ಆದರೆ ನಿಮ್ಮ ಡಾಕ್ಟರು ನಿಕ್ಷಯ್‌ನಲ್ಲಿ, ಅಂದರೆ ಟಿಬಿ ರೋಗಿಗಳ ಸರ್ಕಾರಿ ಆನ್‌ಲೈನ್ ಪಟ್ಟಿಯಲ್ಲಿ, ನಿಮ್ಮ ಹೆಸರು ಹಾಕಿರಬೇಕು. ಟಿಬಿ ಕಂಡರೆ ಸರ್ಕಾರಕ್ಕೆ ತಿಳಿಸೋದು 2012ರಿಂದ ಪ್ರತಿ ಡಾಕ್ಟರ ಕರ್ತವ್ಯ, ನಿಮಗೆ ಮಾಡುವ ಉಪಕಾರ ಅಲ್ಲ. ‘ನನ್ನ ನಿಕ್ಷಯ್ ಐಡಿ ಏನು ಸಾರ್?’ ಅಂತ ನೇರವಾಗಿ ಕೇಳಿ. ಮಾತ್ರೆಗೂ ಕೈಯಿಂದ ದುಡ್ಡು ಕೊಡಬೇಕಿಲ್ಲ, ಸರ್ಕಾರಿ ಮಾತ್ರೆಯನ್ನೇ ನುಂಗಿಕೊಂಡು ಅದೇ ಡಾಕ್ಟರ ಹತ್ತಿರ ತೋರಿಸಬಹುದು.

ಪಕ್ಕದ ಮನೆಯವರದು ಬ್ಯಾಂಕ್ ತಕರಾರು ಇರಬೇಕು. ಪಾಸ್‌ಬುಕ್‌ನಲ್ಲಿ ‘ಲಕ್ಷ್ಮಮ್ಮ’, ಆಧಾರ್‌ನಲ್ಲಿ ‘ಲಕ್ಷ್ಮೀದೇವಿ’. ಖಾತೆಗೆ ಆಧಾರ್ ಜೋಡಣೆ ಆಗಿಲ್ಲ. ವರ್ಷಗಟ್ಟಲೆ ಮುಟ್ಟದ ಖಾತೆ ಸತ್ತುಹೋಗಿದೆ. ನನ್ನ ಕೊನೆಯ ನಾಲ್ಕು ವರ್ಷ ಕಫಕ್ಕಿಂತ ಜಾಸ್ತಿ ಪಾಸ್‌ಬುಕ್ ನೋಡಿದ್ದೇನೆ. ಒಬ್ಬರಿಗಂತೂ ಗುಣ ಆಗಿ, ಮಗಳ ಮದುವೆ ಆಗಿ, ಆಮೇಲೆ ಪೌಷ್ಟಿಕ ಆಹಾರದ ಹಣ ಬಂತು! ಆಶಾ ಅಥವಾ ಟಿಬಿ ಸಿಬ್ಬಂದಿಗೆ ಪಾಸ್‌ಬುಕ್ ಮೊದಲ ವಾರವೇ ತೋರಿಸಿ. ಆಮೇಲೂ ಬರದಿದ್ದರೆ 1800-11-6666ಕ್ಕೆ ಫೋನ್ ಮಾಡಿ, ಪುಕ್ಕಟೆ ಕರೆ.

ಪ್ರಶ್ನೆ: ಗಾರ್ಮೆಂಟ್ಸ್‌ನಲ್ಲಿ ನಾಲ್ಕು ವರ್ಷದಿಂದ ಟೈಲರ್. ಟಿಬಿ ಅಂತ ಗೊತ್ತಾಗಿದೆ. ಸೂಪರ್‌ವೈಸರ್‌ಗೆ ಹೇಳಿದರೆ ಕೆಲಸ ಹೋಗುತ್ತೆ, ಹೇಳದಿದ್ದರೆ ರಜೆ ಸಿಗಲ್ಲ. ಸಂಬಳ ಇಲ್ಲದೆ ಬಾಡಿಗೆ ಹೇಗೆ ಕಟ್ಟಲಿ?
— ಓದುಗರು, ಪೀಣ್ಯ, ಬೆಂಗಳೂರು

ಉತ್ತರ: ಸೂಪರ್‌ವೈಸರ್ ಮುಖ ನೋಡೋ ಮೊದಲು ನಿಮ್ಮ ಸಂಬಳದ ಚೀಟಿ ನೋಡಿ. ಇಎಸ್‌ಐ, ಅಂದರೆ ಕಾರ್ಮಿಕರ ವಿಮೆ ಅಂತ ಮುಕ್ಕಾಲು ಪರ್ಸೆಂಟ್ ಹಿಡಿಯುತ್ತಿದ್ದಾರಾ? ಹಿಡಿಯುತ್ತಿದ್ದರೆ ನಿಮ್ಮ ಕೈಯಲ್ಲಿ ಒಳ್ಳೆ ಅಸ್ತ್ರ ಇದೆ. ಇಎಸ್‌ಐ ಡಾಕ್ಟರು ಸರ್ಟಿಫಿಕೇಟ್ ಕೊಟ್ಟರೆ 91 ದಿನದವರೆಗೆ ಸಂಬಳದ 70 ಪರ್ಸೆಂಟ್ ಸಿಗುತ್ತದೆ. ಅದು ಸಾಲದಿದ್ದರೆ, ದೀರ್ಘ ಕಾಯಿಲೆಗಳ ಪಟ್ಟಿಯಲ್ಲಿ ಟಿಬಿಯೂ ಇದೆ. ಎರಡು ವರ್ಷ ಕೆಲಸ ಮಾಡಿ, ವಂತಿಗೆ ಸರಿಯಾಗಿ ಕಟ್ಟಿದವರಿಗೆ 80 ಪರ್ಸೆಂಟ್‌ವರೆಗೆ, ಎರಡು ವರ್ಷದವರೆಗೂ ಕೊಡುವ ಅವಕಾಶ ಇದೆ. ನಿಮ್ಮದು ನಾಲ್ಕು ವರ್ಷ. ಕೇಳದೆ ಬಿಡಬೇಡಿ.

ಕೂಲಿಯವರಿಗೆ, ಮನೆಗೆಲಸದವರಿಗೆ, ಹೊಲದಲ್ಲಿ ದುಡಿಯುವವರಿಗೆ ಈ ಥರದ್ದು ಏನೂ ಇಲ್ಲ. ಅವರಿಗೆ ಮೇಲೆ ಹೇಳಿದ ತಿಂಗಳ ಸಾವಿರ, ಅಷ್ಟೇ. ನನ್ನ ಕೇಳಿದರೆ, ಈ ದೇಶ ಟಿಬಿಗೆ ಮಾಡಬೇಕಾದ ಮುಂದಿನ ಖರ್ಚು ಆ ಅರವತ್ತೊಂದು ‘ಇಲ್ಲ’ಗಳಿಗೆ.

ಪ್ರಶ್ನೆ: 2025ರಲ್ಲಿ ಅಮೆರಿಕ ವಿದೇಶಿ ನೆರವು ನಿಲ್ಲಿಸಿದ ಸುದ್ದಿ ಓದಿದೆ. ನಮ್ಮ ಮಾವನಿಗೆ ಮೂರು ತಿಂಗಳ ಮಾತ್ರೆ ಬಾಕಿ ಇದೆ. ನಿಂತುಹೋಗುತ್ತಾ? ಟಿಬಿಗೆ ದುಡ್ಡು ಕೊಡೋದು ನಿಜವಾಗಿ ಯಾರು?
— ಬಿ.ಎ. ವಿದ್ಯಾರ್ಥಿ, ಧಾರವಾಡ

ಉತ್ತರ: ಮಾವನವರ ಮಾತ್ರೆ ದೆಹಲಿಯ ದುಡ್ಡಿನಲ್ಲಿ ಬರುತ್ತದೆ, ವಾಷಿಂಗ್ಟನ್ನಿನದಲ್ಲ. ನಿಶ್ಚಿಂತೆಯಿಂದ ನುಂಗಲಿ. ನಮ್ಮಲ್ಲಿ ಹೊರಗಿನ ಹಣವೂ ಇದೆ: ಏಡ್ಸ್, ಟಿಬಿ, ಮಲೇರಿಯಾಕ್ಕೆ ಅಂತ ದಾನಿ ದೇಶಗಳು ಹಣ ಹಾಕುವ ಗ್ಲೋಬಲ್ ಫಂಡ್‌ನದು ಒಂದಿಷ್ಟು, ವಿಶ್ವ ಬ್ಯಾಂಕ್‌ನಿಂದ 2019ರಲ್ಲಿ ತಂದ 40 ಕೋಟಿ ಡಾಲರ್ ಸಾಲ. ಸಾಲ ಅಂದರೆ ಸಾಲವೇ, ತೀರಿಸೋರು ನಾವೇ.

ಬಡ ದೇಶಗಳ ಕಥೆ ಹಾಗಲ್ಲ. ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳನ್ನೆಲ್ಲ ಒಟ್ಟಿಗೆ ಹಿಡಿದರೆ, ಟಿಬಿಗೆ ಆಗುವ ಖರ್ಚಿನಲ್ಲಿ ಸುಮಾರು 80 ಪರ್ಸೆಂಟ್ ಆಯಾ ದೇಶದ್ದೇ ಹಣ. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ಆ ಲೆಕ್ಕವನ್ನು ಎತ್ತಿ ಹಿಡಿದಿರೋದು ಭಾರತ, ಚೀನಾ, ಬ್ರೆಜಿಲ್, ದಕ್ಷಿಣ ಆಫ್ರಿಕಾದಂಥ ದೊಡ್ಡವರು. ಊರಿನ ಸರಾಸರಿ ಎತ್ತರ ತೆಗೆದು ಕುಳ್ಳನ ಕೈಗೆ ಅಟ್ಟ ಎಟುಕುತ್ತೆ ಅಂದ ಹಾಗೆ. ತೀರಾ ಬಡ ದೇಶಗಳಲ್ಲಿ ಪರೀಕ್ಷೆಯ ಯಂತ್ರ, ಮಾತ್ರೆ, ಕಫ ಸಾಗಿಸುವ ಬೈಕಿನ ಪೆಟ್ರೋಲ್ ಎಲ್ಲಕ್ಕೂ ಹೊರಗಿನವರ ಕೈಯೇ ಗತಿ. ಟಿಬಿಗೆ ದಾನಿ ದೇಶಗಳು ಕೊಡುತ್ತಿದ್ದ ಹಣದಲ್ಲಿ, ನೇರವಾಗಿ ಮತ್ತು ಗ್ಲೋಬಲ್ ಫಂಡ್ ಮೂಲಕ ಸೇರಿ, ಸುಮಾರು ಅರ್ಧ ಅಮೆರಿಕದ್ದು. 2025ರ ಜನವರಿ 20ರಂದು ಒಂದು ಸಹಿಯಿಂದ 90 ದಿನ ತಡೆ ಬಿತ್ತು. ಟಿಬಿ ರೋಗಿಗೆ 90 ದಿನ ಅಂದರೆ ಚಿಕಿತ್ಸೆಯ ಅರ್ಧ. ಅರ್ಧದಲ್ಲಿ ಬಿಟ್ಟವನಿಗೆ ಮೊದಲಿನ ಮಾತ್ರೆ ನಾಟದೆ ಹೋಗಬಹುದು.

ಒಟ್ಟು ಹಣವೂ ಸಾಲದು. ವಿಶ್ವಸಂಸ್ಥೆಯಲ್ಲಿ 2023ರಲ್ಲಿ ಎಲ್ಲ ದೇಶಗಳೂ ಕೂತು, 2027ರ ಹೊತ್ತಿಗೆ ವರ್ಷಕ್ಕೆ 2,200 ಕೋಟಿ ಡಾಲರ್ ಒದಗಿಸುತ್ತೇವೆ ಅಂತ ಮಾತು ಕೊಟ್ಟವು. ಮಾತು ಕೊಟ್ಟ 2023ರಲ್ಲಿ ಕೈಯಲ್ಲಿದ್ದದ್ದು 570 ಕೋಟಿ. ಗ್ಲೋಬಲ್ ಫಂಡ್ ದೇಶಗಳಿಗೆ ಹಂಚುವಾಗಲೂ ಏಡ್ಸ್‌ಗೆ ಅರ್ಧ, ಮಲೇರಿಯಾಕ್ಕೆ 32 ಪರ್ಸೆಂಟ್, ಟಿಬಿಗೆ 18. ಮೂರರಲ್ಲಿ ಈಗ ಹೆಚ್ಚು ಜನರನ್ನು ಕೊಲ್ಲುತ್ತಿರುವುದು ಟಿಬಿ. ಏಡ್ಸ್‌ನವರು ಬೀದಿಗಿಳಿದು ಜಗಳ ಮಾಡಿ ಪಡೆದರು, ಅದನ್ನು ತಪ್ಪು ಅನ್ನೋದಿಲ್ಲ. ಟಿಬಿ ಬಂದವರು ಗುಣ ಆದ ಮೇಲೂ ಬಾಯಿ ಬಿಡೋದಿಲ್ಲ. ನೋಡಿ, ಈ ಪುಟದಲ್ಲೇ ಯಾರಿಗೂ ಹೆಸರಿಲ್ಲ.

ಮಾತ್ರೆ ನಿಂತೀತು ಎಂಬ ನಿಮ್ಮ ಭಯ ಪೂರ್ತಿ ಸುಳ್ಳೂ ಅಲ್ಲ. ಸಿಬ್ಬಂದಿಯ ಕಣ್ಣೆದುರೇ ಮಾತ್ರೆ ನುಂಗಿಸುವ ಡಾಟ್ಸ್ ಪದ್ಧತಿ ಬಂದ ಹೊಸದರಲ್ಲಿ ಒಬ್ಬೊಬ್ಬ ರೋಗಿಗೆ ಒಂದೊಂದು ಡಬ್ಬ ಇರುತ್ತಿತ್ತು. ಹೊಸ ರೋಗಿಗೆ ಕೆಂಪು, ಮರಳಿ ಬಂದವರಿಗೆ ನೀಲಿ. ಡಬ್ಬದೊಳಗೆ ಮೊದಲ ದಿನದಿಂದ ಕೊನೆ ದಿನದವರೆಗಿನ ಅಷ್ಟೂ ಮಾತ್ರೆ. ಮೇಲೆ ರೋಗಿಯ ಹೆಸರನ್ನು ನಾನೇ ಪೆನ್ನಿನಲ್ಲಿ ಬರೆದು ಬೀರುವಿನಲ್ಲಿ ಜೋಡಿಸುತ್ತಿದ್ದೆ. ಅದನ್ನು ಇನ್ನೊಬ್ಬರಿಗೆ ಕೊಡುವ ಹಾಗಿಲ್ಲ. ರೋಗಿಗಳು ಬಂದಾಗ ‘ನಂದು ಎಲ್ಲೈತೆ ತೋರಿಸ್ರೀ’ ಎನ್ನುತ್ತಿದ್ದರು. ತೋರಿಸುತ್ತಿದ್ದೆ. ಆ ಪದ್ಧತಿಯಲ್ಲಿ ತೊಂದರೆಯೂ ಇತ್ತು, ವಾರಕ್ಕೆ ಮೂರು ದಿನ ಕೂಲಿ ಬಿಟ್ಟು ನಮ್ಮೆದುರು ನುಂಗಬೇಕಿತ್ತು. ಆಮೇಲೆ ದಿನಾ ನುಂಗುವ ಮಾತ್ರೆ ಬಂತು, ಒಳ್ಳೆಯದೇ ಆಯಿತು, ಹೆಸರಿನ ಡಬ್ಬ ಹೋಯಿತು. 2024ರ ಮಾರ್ಚ್‌ನಲ್ಲಿ ದೇಶದ ಹಲವೆಡೆ ಮಾತ್ರೆ ಕೊರತೆಯಾಗಿ, ನೀವೇ ಕೊಂಡುಕೊಳ್ಳಿ ಅಂತ ಕೇಂದ್ರವು ರಾಜ್ಯಗಳಿಗೆ ಬರೆದಾಗ ನನಗೆ ಮೊದಲು ನೆನಪಾದದ್ದು ಆ ಬೀರು.

ಪ್ರಶ್ನೆ: ಮಗನಿಗೆ ಎಂಡಿಆರ್ ಟಿಬಿ. ಹಿಂದೆ ನಮ್ಮ ಓಣಿಯಲ್ಲಿ ಒಬ್ಬರಿಗೆ ಇದೇ ಬಂದು ಎರಡು ವರ್ಷ ಸೂಜಿ, ಮಾತ್ರೆ, ಕೊನೆಗೆ ಕಿವಿ ಹೋಯಿತು. ಈಗಿನ ಮಾತ್ರೆ ಲಕ್ಷಗಟ್ಟಲೆ ಅಂತಾರೆ. ಗದ್ದೆ ಮಾರಬೇಕಾ?
— ತಂದೆಯೊಬ್ಬರು, ಗಂಗಾವತಿ

ಉತ್ತರ: ಗದ್ದೆ ಮಾರಬೇಡಿ. ಎಂಡಿಆರ್, ಅಂದರೆ ಮಾಮೂಲಿ ಮಾತ್ರೆಗೆ ಬಗ್ಗದ ಟಿಬಿ. ಅದರ ಮಾತ್ರೆಯೂ ಸರ್ಕಾರದಲ್ಲಿ ಪುಕ್ಕಟೆ. ಯಾರಾದರೂ ಅದಕ್ಕೆ ದುಡ್ಡು ಕೇಳಿದರೆ ಜಿಲ್ಲಾ ಕ್ಷಯರೋಗ ಅಧಿಕಾರಿ ಕಚೇರಿಗೆ ನೇರವಾಗಿ ಹೋಗಿ.

ನಿಮ್ಮ ಓಣಿಯವರ ಕಥೆ ನನಗೆ ಗೊತ್ತು. ಆಗ ಆರು ತಿಂಗಳಿಗೂ ಹೆಚ್ಚು ಕಾಲ ಕೆನಮೈಸಿನ್ ಎಂಬ ಔಷಧಿಯ ಸೂಜಿ ಇತ್ತು. ನನ್ನ ಕಡೆಯ ಒಬ್ಬ ಹುಡುಗ ಒಂದು ದಿನ ‘ಫೋನ್ ಕೆಟ್ಟಿದೆ, ರಿಂಗ್ ಆಗ್ತಿಲ್ಲ’ ಅಂತ ರಿಪೇರಿಗೆ ಕೊಟ್ಟಿದ್ದ. ಫೋನ್ ಸರಿ ಇತ್ತು.

ಸೂಜಿಯ ಜಾಗಕ್ಕೆ ಬಂದದ್ದು ಬೆಡಾಕ್ವಿಲಿನ್ ಎಂಬ ಮಾತ್ರೆ. ತಯಾರಿಸುತ್ತಿದ್ದುದು ಜಾನ್ಸನ್ ಅಂಡ್ ಜಾನ್ಸನ್ ಒಂದೇ. ಬೇರೆಯವರು ತಯಾರಿಸದಂತೆ ತಡೆಯುವ ಹಕ್ಕು, ಅಂದರೆ ಪೇಟೆಂಟ್, 2023ರ ಜುಲೈನಲ್ಲಿ ಮುಗಿಯುವುದಿತ್ತು, ಇನ್ನೂ ನಾಲ್ಕು ವರ್ಷ ಎಳೆಯುವಂಥ ಇನ್ನೊಂದು ಅರ್ಜಿಯನ್ನು ಕಂಪನಿ ಹಾಕಿತ್ತು. ಅದಕ್ಕೆ ಭಾರತದಲ್ಲಿ ತಕರಾರು ಹಾಕಿದವರು ಇಬ್ಬರು ಹೆಣ್ಣುಮಕ್ಕಳು, ಮುಂಬೈನ ನಂದಿತಾ ವೆಂಕಟೇಶನ್, ದಕ್ಷಿಣ ಆಫ್ರಿಕಾದ ಫುಮೇಜಾ ಟಿಸಿಲೆ. ಇಬ್ಬರೂ ಟಿಬಿ ಗೆದ್ದವರು, ಇಬ್ಬರ ಕಿವಿಯೂ ಚಿಕಿತ್ಸೆಯಲ್ಲಿ ಹೋದದ್ದೇ. 2023ರ ಮಾರ್ಚ್‌ನಲ್ಲಿ ನಮ್ಮ ಪೇಟೆಂಟ್ ಕಚೇರಿ ಕಂಪನಿಯ ಅರ್ಜಿ ತಳ್ಳಿಹಾಕಿತು. ಬಡ ದೇಶಗಳಿಗೆ ಒಟ್ಟಾಗಿ ಕೊಂಡುಕೊಡುವ ವ್ಯವಸ್ಥೆಯಲ್ಲಿ ಆರು ತಿಂಗಳ ಮಾತ್ರೆಗೆ 2020ರಲ್ಲಿ 340 ಡಾಲರ್ ಇದ್ದದ್ದು 2023ರ ಕೊನೆಗೆ 130ಕ್ಕೆ ಇಳಿಯಿತು. ನಮ್ಮ ಲುಪಿನ್ ಕಂಪನಿಯೂ ಮಾರಾಟಕ್ಕೆ ಇಳಿಯಿತು. ಟಿಬಿ ಬಂದವರು ಬಾಯಿ ಬಿಡೋದಿಲ್ಲ ಅಂತ ಮೇಲೆ ಬರೆದೆನಲ್ಲ, ಇವರಿಬ್ಬರನ್ನು ಬಿಟ್ಟು ಅಂತ ಓದಿಕೊಳ್ಳಿ.

ಈಗ ಬೆಡಾಕ್ವಿಲಿನ್ ಸೇರಿದ ನಾಲ್ಕು ಮಾತ್ರೆಗಳ ಆರು ತಿಂಗಳ ಚಿಕಿತ್ಸೆಗೆ 2024ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಒಪ್ಪಿಗೆ ಕೊಟ್ಟಿದೆ. ಎಲ್ಲರಿಗೂ ಹೊಂದುವುದಿಲ್ಲ, ಮಗನಿಗೆ ಆಗುತ್ತದಾ ಅಂತ ಡಾಕ್ಟರನ್ನು ಕೇಳಿ. ಇಸಿಜಿ, ರಕ್ತ ಪರೀಕ್ಷೆ ಪದೇಪದೇ ಬೇಕಾಗುತ್ತದೆ. ಅವನ್ನು ಹೊರಗೆ ಬರೆದುಕೊಟ್ಟರೆ ‘ಇಲ್ಲೇ ಆಗಲ್ವಾ ಸಾರ್?’ ಅಂತ ಒಂದು ಮಾತು ಕೇಳಿ. ಸಾಲ ಶುರುವಾಗೋದು ಅಲ್ಲಿಂದ. ಅಂಗೈ ಅಂಗಾಲು ಜುಮ್ಮೆಂದರೆ ಅದೇ ವಾರ ಹೇಳಿ, ತಡ ಮಾಡಬೇಡಿ.

ಪ್ರಶ್ನೆ: ನಮ್ಮ ಸ್ತ್ರೀಶಕ್ತಿ ಸಂಘದಿಂದ ಇಬ್ಬರು ರೋಗಿಗಳಿಗೆ ರೇಷನ್ ಕೊಡಬೇಕು ಅಂತಿದ್ದೇವೆ. ಮಾತ್ರೆ ಇದ್ದ ಮೇಲೆ ಊಟದಿಂದ ಅಷ್ಟು ವ್ಯತ್ಯಾಸ ಆಗುತ್ತಾ? ಏನೇನು ಕೊಡಬೇಕು?
— ಸಂಘದ ಸದಸ್ಯೆಯರು, ಮೊಳಕಾಲ್ಮೂರು

ಉತ್ತರ: ಎಷ್ಟು ಒಳ್ಳೆ ಕಾಗದ! ಮಾತ್ರೆ ಶುರುವಾದ ಎರಡು ಮೂರು ವಾರಕ್ಕೆ ರೋಗಿಗೆ ಹಸಿವು ತಿರುಗಿ ಬರುತ್ತದೆ. ಸಣ್ಣ ಹಸಿವಲ್ಲ, ಉಂಡ ಗಂಟೆಗೇ ಮತ್ತೆ ಹಸಿವು. ಉಳ್ಳವರ ಮನೆಯಲ್ಲಿ ಅದು ಸಂತೋಷದ ಸುದ್ದಿ. ಒಬ್ಬ ತಾಯಿ ನನ್ನ ಹತ್ತಿರ ಗುಟ್ಟಾಗಿ ಕೇಳಿದ್ದರು, ‘ಹಸಿವು ಕಮ್ಮಿ ಆಗೋ ಮಾತ್ರೆ ಐತಾ? ಮಕ್ಕಳ ಪಾಲು ಉಣ್ಣಂಗಾಗೈತೆ.’ ಮಾತ್ರೆ ಬಿಟ್ಟವರನ್ನೂ ಈ ಕಾರಣಕ್ಕೆ ಕಂಡಿದ್ದೇನೆ.

ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ದಂಪತಿ ಇದನ್ನೇ ಜಾರ್ಖಂಡ್‌ನಲ್ಲಿ ಪರೀಕ್ಷಿಸಿ ನೋಡಿದರು. 2,800 ರೋಗಿಗಳಿಗೆ ತಿಂಗಳು ತಿಂಗಳು ಅಕ್ಕಿ, ಬೇಳೆ, ಎಣ್ಣೆ, ಹಾಲಿನ ಪುಡಿ. ಅರ್ಧ ಕಡೆ ಮನೆಯವರಿಗೂ ಅಕ್ಕಿ ಬೇಳೆ. 2023ರಲ್ಲಿ ಫಲಿತಾಂಶ ಬಂತು. ರೇಷನ್ ಸಿಕ್ಕ ಮನೆಮಂದಿಯಲ್ಲಿ ಹೊಸದಾಗಿ ಟಿಬಿ ಬರುವುದು 39 ಪರ್ಸೆಂಟ್ ಕಡಿಮೆ. ಮೊದಲ ಎರಡು ತಿಂಗಳಲ್ಲಿ ತೂಕ ಏರಿದ ರೋಗಿಗಳಲ್ಲಿ ಸಾವು ಬಹಳ ಕಡಿಮೆ. ಅಕ್ಕಿ ಬೇಳೆಯಿಂದ!

ಸರ್ಕಾರದ ನಿಕ್ಷಯ್ ಮಿತ್ರ ಯೋಜನೆಯಲ್ಲಿ ಸಂಘದ ಹೆಸರು ನೋಂದಾಯಿಸಿ, ರೋಗಿಯ ಒಪ್ಪಿಗೆ ಅವರೇ ಕೇಳಿಕೊಡುತ್ತಾರೆ. ಅಲ್ಲಿ ಹೇಳುವ ತಿಂಗಳ ಲೆಕ್ಕ ದೊಡ್ಡವರಿಗೆ: ಧಾನ್ಯ 3 ಕೆ.ಜಿ., ಬೇಳೆ ಒಂದೂವರೆ ಕೆ.ಜಿ., ಎಣ್ಣೆ ಕಾಲು ಕೆ.ಜಿ., ಹಾಲಿನ ಪುಡಿ ಇಲ್ಲವೇ ಶೇಂಗಾ 1 ಕೆ.ಜಿ. ಅಕ್ಕಿ ಸೊಸೈಟಿಯಲ್ಲಿ ಸಿಗುತ್ತದೆ, ನೀವು ಬೇಳೆ ಜಾಸ್ತಿ ಮಾಡಿ. ನಿಮ್ಮ ಸೀಮೆ ಶೇಂಗಾ ಇದ್ದೇ ಇದೆ. ತಿನ್ನುವವರಾದರೆ ದಿನಕ್ಕೊಂದು ಮೊಟ್ಟೆ. ಆರು ತಿಂಗಳು ತಪ್ಪದೆ ಕೊಡೋಕೆ ಆಗುತ್ತಾ ಅಂತ ಮೊದಲೇ ಲೆಕ್ಕ ಹಾಕಿ, ಇಬ್ಬರು ಕಷ್ಟವಾದರೆ ಒಬ್ಬರಿಗೇ ಪೂರ್ತಿ ಕೊಡಿ.

ಒಂದು ಕೋರಿಕೆ. ಒಂದು ಊರಿನಲ್ಲಿ ದಾನಿಗಳೊಬ್ಬರು ಕೊಟ್ಟ ಚೀಲದ ಮೇಲೆ ಅವರ ಫೋಟೋ, ಕೆಳಗೆ ‘ಕ್ಷಯಮುಕ್ತ’ ಅಂತ ಕೆಂಪಕ್ಷರ. ಆ ಮನೆಯವರು ಚೀಲವನ್ನು ತಿರುವಿ, ಒಳಗಿನದು ಹೊರಗೆ ಮಾಡಿ, ಹಿತ್ತಲಲ್ಲಿ ಕೋಳಿಗೂಡಿಗೆ ಹೊದಿಸಿದ್ದರು. ನೀವು ಸಾಮಾನನ್ನು ಅಂಗಡಿಯ ಸಾದಾ ಕವರಿನಲ್ಲಿ, ದೀಪ ಹಚ್ಚುವ ಹೊತ್ತಿಗೆ ಕೊಟ್ಟು ಬನ್ನಿ.